ಬುಟ್ಟಿಯಲ್ಲಿ ಉಳಿದ ಹೆಣಿಗೆ

ಕಾರ್ಯಾರಂಭದ ವಿಷಯದಲ್ಲಿ ಮನುಷ್ಯರು ಮೂರು ತರದವರೆಂದು ಭರ್ತೃಹರಿಯು ತನ್ನ ನೀತಿಶತಕದಲ್ಲಿ ಹೇಳಿರುವುದು ಪಾಠಶಾಲೆಯ ವಿದ್ಯಾರ್ಥಿಗಳಿಗೂ ತಿಳಿದ ಸಂಗತಿ. ಒಂದು ತರದವರು ತೊಡಕಿನ ಅಂಜಿಕೆಯಿಂದ ಕೈಯನ್ನೇ ಹಾಕುವುದಿಲ್ಲ. ಇನ್ನೊಂದು ತರದವರು ತೊಡಕು ಬಂದಲ್ಲಿಗೆ ನಿಂತುಬಿಡುತ್ತಾರೆ. ಮೂರನೆಯವರು ಮಾತ್ರ ದಡ ಮುಟ್ಟಿಸುತ್ತಾರೆ. ಈ ವಿಭಾಗವು ಸರ್ವಥಾ ಸಾಧುವಾದುದೇ ಆದರೂ, ಅದರಲ್ಲಿ ಸೇರದ ನಾಲ್ಕನೆಯ ತರದವರೂ ಲೋಕದಲ್ಲಿದ್ದಾರೆ. ಇವರಿಗೆ ಅಂಜಿಕೆಯಿಲ್ಲ, ತೊಡಕೂ ಇಲ್ಲ. ಹಿಡಿದ ಕೆಲಸವು ಸುಸೂತ್ರವಾಗಿ ಸಾಗುತ್ತಿರುವಾಗಲೇ ಮತ್ತೊಂದು ಕೆಲಸದ ಮೊದಲ ಸೊಗಸು ಇವರನ್ನು ಕರೆಯುತ್ತದೆ. ಅದನ್ನು ಹಿಡಿದಾಗ ಮೂರನೆಯದು ಕರೆಯುತ್ತದೆ. ಯಾವುದನ್ನಾದರೂ ಕೈಬಿಟ್ಟೆನೆಂದು ಇವರು ಒಪ್ಪುವುದಿಲ್ಲ; ಯಾವುದನ್ನೂ ಮುಗಿಸಿದ್ದೂ ಇಲ್ಲ. ಈ ಸೂಕ್ಷ್ಮವಾದ ಮನೋದೋಷವನ್ನು ಪರೀಕ್ಷಿಸುವುದಕ್ಕೆ ದೊಡ್ಡ ವ್ರತನಿಯಮಗಳ ಉದಾಹರಣೆ ಬೇಕಾಗಿಲ್ಲ. ಚಳಿನಾಡುಗಳ ಹೆಂಗಸರು ಉಣ್ಣೆಯ ನೂಲಿನಿಂದ ಕಾಲುಚೀಲ, ಸ್ವೆಟರುಗಳನ್ನು ಹೆಣೆದಿಡುವ ಬುಟ್ಟಿಯೊಂದನ್ನು ತೆರೆದು ನೋಡಿದರೆ ಸಾಕು.

ಉಣ್ಣೆಯ ಕೆಲಸವು ಕನ್ನಡ ನಾಡಿಗೆ ಹೊಸತಲ್ಲ. ಕುರುಬರ ಮನೆಗಳಲ್ಲಿ ಕುರಿಯುಣ್ಣೆಯನ್ನು ನೂತು, ಹುಣಸೆಬೀಜದ ಸರಿಯನ್ನು ಸವರಿ, ಮಗ್ಗಕ್ಕೆ ಹೂಡಿ ಕಂಬಳಿ ನೇಯುವುದನ್ನು ಬಲ್ಲವರು ಬಹಳ ಮಂದಿ. ಆದರೆ ಮಗ್ಗಕ್ಕೂ ಹೆಣಿಗೆಯ ಕಡ್ಡಿಗೂ ಒಂದು ದೊಡ್ಡ ಅಂತರವಿದೆ. ಮಗ್ಗದಲ್ಲಿ ಹಾಸು ಹೂಡಿದ ಮೇಲೆ ಆ ಕಂಬಳಿ ಮುಗಿಯುವವರೆಗೆ ಮಗ್ಗವು ಮತ್ತೊಂದಕ್ಕೆ ತೆರವಾಗದು. ನೇಕಾರನ ಚಂಚಲತೆಯನ್ನು ಮರವೇ ಕಟ್ಟಿಹಾಕಿರುತ್ತದೆ. ಹೆಣಿಗೆಯಲ್ಲಿ ಹಾಗಲ್ಲ. ಎರಡು ಕಡ್ಡಿ, ಒಂದು ನೂಲುಂಡೆ ಇದ್ದರೆ ಸ್ವೆಟರಿನ ಬೆನ್ನು ಆರಂಭವಾಗುತ್ತದೆ. ನಾಲ್ಕೈದು ಸಣ್ಣ ಕಡ್ಡಿಗಳಿದ್ದರೆ ಕಾಲುಚೀಲದ ಸುತ್ತು ಆರಂಭವಾಗುತ್ತದೆ. ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆಯುತ್ತ ಹೋಗುವ ಈ ಕೆಲಸವನ್ನು ಯಾವ ಕ್ಷಣದಲ್ಲಾದರೂ ಮಡಿಲಿನಿಂದ ಬುಟ್ಟಿಗೆ ಇಳಿಸಬಹುದು, ಬೇರೊಂದನ್ನು ಮಡಿಲಿಗೆ ಎತ್ತಿಕೊಳ್ಳಬಹುದು. ತಡೆಯುವವರು ಯಾರೂ ಇಲ್ಲ. ಮಗ್ಗದ ಮರವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮನಸ್ಸೇ ಮಾಡಬೇಕು.

ಆರಂಭವು ಮಧುರವಾಗಿರುವುದಕ್ಕೆ ಕಾರಣವಿದೆ. ಹೊಸ ನೂಲಿನ ಬಣ್ಣ ಕಣ್ಣಿಗೆ ತಂಪು. ಮೊದಲ ಅಂಚಿನ ಕುಣಿಕೆಗಳು ಕಡ್ಡಿಯ ಮೇಲೆ ಸಾಲಾಗಿ ಕುಳಿತಾಗ ಪೂರ್ಣಗೊಂಡ ಉಡುಪೇ ಕಣ್ಣ ಮುಂದೆ ನಿಲ್ಲುತ್ತದೆ. ಬಳಿಕ ಬರುವುದು ನಡುವಿನ ಭಾಗ. ದೊಡ್ಡವರ ಕಾಲುಚೀಲಕ್ಕೆ ಸುತ್ತಿಗೆ ೬೪ ಕುಣಿಕೆಗಳೆಂದು ಇಟ್ಟುಕೊಂಡರೆ, ಮೇಲಂಚಿನಿಂದ ಬೆರಳ ತುದಿಯವರೆಗೆ ನೂರೈವತ್ತಕ್ಕೆ ಸಮೀಪವಾದ ಸುತ್ತುಗಳು; ಹಿಮ್ಮಡಿಯನ್ನೂ ಸೇರಿಸಿ ಸುಮಾರು ಹತ್ತು ಸಾವಿರ ಕುಣಿಕೆಗಳು. ಹಿಮ್ಮಡಿಯನ್ನು ತಿರುಗಿಸುವಲ್ಲಿ ಒಂದಿಷ್ಟು ಬುದ್ಧಿಯ ಕೆಲಸವಿರುವುದರಿಂದ ಅಲ್ಲಿ ಬೇಸರವಿಲ್ಲ. ಅದರಾಚೆಗಿನ ಪಾದದ ಭಾಗದಲ್ಲಿ ಅದೇ ಕುಣಿಕೆ, ಅದೇ ಸುತ್ತು. ಅದೂ ಮುಗಿದು ಒಂದು ಕಾಲುಚೀಲವು ಕೈಗೆ ಬಂದಾಗ ಹೆಣೆದವಳಿಗೆ ಎಲ್ಲವೂ ಮುಗಿದಂತೆ ತೋರುತ್ತದೆ. ಕುತೂಹಲವೆಲ್ಲ ತೀರಿತು, ಆದರೆ ಮನುಷ್ಯನಿಗೆ ಕಾಲುಗಳು ಎರಡು! ಮೊದಲನೆಯದರಷ್ಟೇ ಉದ್ದವಾದ, ಹೊಸತೇನೂ ಇಲ್ಲದ ಎರಡನೆಯದು ಇನ್ನೂ ನೂಲುಂಡೆಯೊಳಗೇ ಇದೆ. ಇಂಗ್ಲಿಷ್ ನುಡಿಯುವ ಹೆಣಿಗೆಗಾರ್ತಿಯರು ಇದಕ್ಕೆ ‘ಎರಡನೆಯ ಕಾಲುಚೀಲದ ರೋಗ’ ಎಂಬರ್ಥದ ನಗೆಮಾತಿನ ಹೆಸರಿಟ್ಟಿದ್ದಾರೆ. ಹೆಸರು ನಗೆಯದಾದರೂ ರೋಗವು ನಿಜವಾದುದು. ಸಾಧಕರಲ್ಲಿಯೂ ಇದು ಕಾಣದೆ ಇಲ್ಲ.

ದೃಷ್ಟಾಂತಕ್ಕಾಗಿ ಚಳಿನಾಡಿನ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ವೃದ್ಧರಾದ ಮಾವನವರು, ಬೆಳೆಯುವ ಮಗ, ತೊಟ್ಟಿಲ ಕೂಸು. ಚಳಿ ತೊಡಗುವ ಮುನ್ನ ಅವಳು ಮಾವನವರಿಗಾಗಿ ಬೂದುಬಣ್ಣದ ಕಾಲುಚೀಲಗಳನ್ನು ಆರಂಭಿಸಿದಳು. ಮೊದಲನೆಯದು ಹದಿನೈದು ದಿನಗಳಲ್ಲಿ ಮುಗಿಯಿತು. ಎರಡನೆಯದಕ್ಕೆ ನೂಲು ಎತ್ತಿಕೊಳ್ಳುವ ಮುನ್ನ ಅಂಗಡಿಯಲ್ಲಿ ನೀಲಿಯ ಉಣ್ಣೆ ಕಂಡಿತು. ಮಗನಿಗೆ ಸ್ವೆಟರು ತೊಡಗಿತು. ಬೆನ್ನು ಮುಗಿಯಿತು, ಎದೆ ಮುಗಿಯಿತು, ಒಂದು ತೋಳು ಮೊಳಕೈಯವರೆಗೆ ಬಂತು. ಅಷ್ಟರಲ್ಲಿ ನೆರೆಮನೆಯಲ್ಲಿ ಕಂಡ ಪಟ್ಟೆಯ ಕಾಲುಚೀಲದ ಮಾದರಿಯು ಮನಸ್ಸಿಗೆ ಹಿಡಿಸಿತು. ಅದನ್ನು ಹಿಮ್ಮಡಿಯವರೆಗೆ ತಂದಳು. ಆಮೇಲೆ ಕೂಸಿಗೆ ಕೆಂಪು ಸ್ವೆಟರು ಬೇಕೆನಿಸಿತು. ಕಡ್ಡಿ ಸಾಲದಾಗಿ, ನೀಲಿಯ ತೋಳಿನಿಂದ ಕಡ್ಡಿಯನ್ನೇ ಎಳೆದು ತೆಗೆದು, ಬಿಡುಗಡೆಯಾದ ಕುಣಿಕೆಗಳನ್ನು ಒಂದು ಹಳೆಯ ದಾರಕ್ಕೆ ಪೋಣಿಸಿಟ್ಟಳು. ದಿನವಿಡೀ ಅವಳ ಕೈ ನಿಲ್ಲಲಿಲ್ಲ. ನೋಡಿದವರು ಎಂಥ ದುಡಿಮೆಗಾರ್ತಿಯೆಂದು ಹೊಗಳಿದರು. ಆ ಹೊಗಳಿಕೆ ಸುಳ್ಳೂ ಅಲ್ಲ. ಆದರೆ ಮೊದಲ ಹಿಮ ಬಿದ್ದ ದಿನ ಆ ಮನೆಯಲ್ಲಿ ಯಾರ ಮೈಮೇಲೂ ಯಾರ ಕಾಲಲ್ಲಿಯೂ ಅವಳ ಹೆಣಿಗೆ ಇರಲಿಲ್ಲ.

ಮಾವನವರು ಒಮ್ಮೆ ಕೇಳಿದರು: “ಇನ್ನೊಂದು ಆಯಿತೇನಮ್ಮ?”

“ಆಗುತ್ತ ಬಂತು ಮಾವ, ಈ ವಾರ ಮುಗಿಸಿಬಿಡುತ್ತೇನೆ.”

ಮತ್ತೆ ಅವರು ಕೇಳಲಿಲ್ಲ. ವೃದ್ಧರು ಎರಡನೆಯ ಸಲ ಕೇಳುವುದು ಕಡಿಮೆ. ಆ ಒಂಟಿ ಕಾಲುಚೀಲವನ್ನು ಮಡಿಸಿ ತಲೆದಿಂಬಿನ ಕೆಳಗೆ ಇಟ್ಟುಕೊಂಡರು. ಚಳಿಗಾಲ ಕಳೆಯಿತು. ಮರುವರ್ಷದ ಹೊತ್ತಿಗೆ ಮಗನು ನಾಲ್ಕು ಬೆರಳು ಎತ್ತರ ಬೆಳೆದಿದ್ದನು. ಕೂಸು ತೊಟ್ಟಿಲನ್ನು ಬಿಟ್ಟಿತ್ತು.

ಇಲ್ಲಿ ಒಂದು ಸಂದೇಹ ಬರಬಹುದು. ಬುಟ್ಟಿಯಲ್ಲಿಟ್ಟ ಹೆಣಿಗೆಯು ಎಲ್ಲಿಗೂ ಓಡಿಹೋಗದಷ್ಟೆ; ಬೇಕಾದಾಗ ಎತ್ತಿಕೊಂಡು ಮುಂದುವರಿಸಿದರಾಗದೆ? ಯಾರಿಗಾಗಿ ಹೆಣೆಯುವುದೋ ಅವರು ಕಾಯಲಾರರೆಂಬುದು ಹಾಗಿರಲಿ, ಕೆಲಸವಾದರೂ ಕಾದಿರುವುದೆಂಬುದನ್ನು ಕೈಗೆಲಸ ಬಲ್ಲವರು ಒಪ್ಪಲಾರರು. ಪ್ರತಿಯೊಬ್ಬರ ಕೈಗೂ ಒಂದು ಬಿಗಿಯಿದೆ. ಆ ಬಿಗಿಯು ತಿಂಗಳುಗಳು ಉರುಳಿದಂತೆ ಬದಲಾಗುತ್ತದೆ. ಇಂಚಿಗೆ ಐದು ಕುಣಿಕೆ ಬೀಳುತ್ತಿದ್ದ ಕೈಯಲ್ಲಿ ಐದೂವರೆ ಬೀಳತೊಡಗಿದರೆ, ೨೦೦ ಕುಣಿಕೆಗಳ ಸುತ್ತಳತೆಯು ೪೦ ಇಂಚಿಗೆ ಬದಲಾಗಿ ೩೬ ಇಂಚನ್ನು ಕೊಂಚ ಮೀರಿ ನಿಲ್ಲುತ್ತದೆ. ಅರ್ಧ ಕುಣಿಕೆಯ ವ್ಯತ್ಯಾಸವು ಎದೆಯ ಮೇಲೆ ಹೆಚ್ಚುಕಡಿಮೆ ನಾಲ್ಕು ಇಂಚಿನ ಇಕ್ಕಟ್ಟಾಯಿತು! ಕಳಚಿ ತೆಗೆದ ಕಡ್ಡಿಯು ಯಾವ ದಪ್ಪದ್ದೆಂಬುದು ಮರೆತಿರುತ್ತದೆ. ನೂಲು ಸಾಲದೆ ಮತ್ತೆ ತರಲು ಹೋದರೆ, ಅದೇ ಹೆಸರಿನ ನೀಲಿಯು ಬೇರೊಂದು ಸಲ ಬಣ್ಣಕ್ಕೆ ಅದ್ದಿದ ನೂಲಾಗಿ, ತೋಳು ಮಾತ್ರ ಬೇರೆಯ ಛಾಯೆಯದಾಗುತ್ತದೆ. ಇದೆಲ್ಲಕ್ಕೂ ಮಿಗಿಲಾಗಿ ಬಟ್ಟೆಯ ಪತಂಗವೆಂಬುದೊಂದಿದೆ. ಅದರ ಮರಿಹುಳುಗಳು ಕತ್ತಲೆಯಲ್ಲಿ ಅಲುಗದೆ ಬಿದ್ದಿರುವ ಉಣ್ಣೆಯನ್ನು ತಿನ್ನುತ್ತವೆ. ದಿನವೂ ಕೊಡವಿ ತೊಡುವ ಬಟ್ಟೆಗೆ ಅವುಗಳ ಕಾಟ ಕಡಿಮೆ. ಉಪದೇಶ ಪಡೆದ ಮಂತ್ರವನ್ನು ಆರು ತಿಂಗಳು ಬಿಟ್ಟು ಮತ್ತೆ ಜಪಕ್ಕೆ ಕುಳಿತವನೂ ಇದನ್ನು ಬಲ್ಲನು. ಮಂತ್ರವು ಅದೇ ಇರುತ್ತದೆ. ಕುಳಿತ ಕೈ, ಕುಳಿತ ಮನಸ್ಸು ಅವಲ್ಲ.

ಹಾಗೆಂದು ಒಂದು ಮುಗಿಯದೆ ಇನ್ನೊಂದನ್ನು ಮುಟ್ಟಲೇ ಕೂಡದೆಂಬ ಕಟ್ಟಳೆಯು ಅವಿಚಾರದ್ದು. ಕಾಲುಚೀಲವು ಸಣ್ಣ ಕೆಲಸ. ಪ್ರಯಾಣದಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಮಾತನಾಡುತ್ತ ಹೆಣೆಯಬಹುದು. ಸ್ವೆಟರಿನ ಎದೆಯ ಚಿತ್ತಾರಕ್ಕೆ ಎಣಿಕೆ ಬೇಕು, ಒಳ್ಳೆಯ ಬೆಳಕು ಬೇಕು, ಮಾತಿಲ್ಲದ ಹೊತ್ತು ಬೇಕು. ಒಂದು ಸಣ್ಣದು, ಒಂದು ದೊಡ್ಡದು ಕೈಯಲ್ಲಿದ್ದರೆ ಒಂದರ ಹೊತ್ತನ್ನು ಇನ್ನೊಂದು ಕದಿಯುವುದಿಲ್ಲ. ಸಂಸಾರಿಗೆ ಒಂದೇ ಕರ್ತವ್ಯವೆಂಬುದು ಎಲ್ಲಿಯೂ ಇಲ್ಲವಷ್ಟೆ. ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗ ಕೂಸನ್ನು ತೂಗುವ ತಾಯಿಯನ್ನು ಚಂಚಲೆಯೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹೆಂಗಸರು, ಒಲೆಗೆ ಬೇಕಾದ ಪೀಟ್ ಎಂಬ ಜೌಗುನೆಲದ ಒಣಹೆಂಟೆಗಳನ್ನು ಬೆನ್ನಬುಟ್ಟಿಯಲ್ಲಿ ಹೊತ್ತು ಬರುವಾಗಲೂ ಹೆಣೆಯುತ್ತಿದ್ದರು. ಸೊಂಟಕ್ಕೆ ಕಟ್ಟಿದ ತೊಗಲಿನ ಪಟ್ಟಿಗೆ ಕುದುರೆಗೂದಲು ತುಂಬಿದ ಮೆತ್ತೆಯೊಂದು; ಅದರಲ್ಲಿ ಸಣ್ಣ ತೂತುಗಳು. ಒಂದು ಕಡ್ಡಿಯ ತುದಿಯನ್ನು ಅದರಲ್ಲಿ ಊರಿದರೆ ನಡೆಯುವಾಗಲೂ ಹೆಣಿಗೆ ಕದಲದು. ಅವರಿಗೆ ಹೆಣಿಗೆಯು ವಿನೋದವಾಗಿರಲಿಲ್ಲ, ಅನ್ನವಾಗಿತ್ತು. ಅದೂ ನೇರವಾಗಿ ದೊರೆತ ಅನ್ನವಲ್ಲ. ವರ್ತಕರು ಹಣವನ್ನು ಕೊಡದೆ ಚಹಾ, ಬಟ್ಟೆ ಮೊದಲಾದ ಸರಕನ್ನೇ ಕೊಟ್ಟು ಲೆಕ್ಕ ತೀರಿಸುತ್ತಿದ್ದರೆಂಬುದು ೧೮೭೨ರಲ್ಲಿ ಸರಕಾರದ ವಿಚಾರಣೆಯಲ್ಲಿ ಬಯಲಿಗೆ ಬಂತು. ಇಂಗ್ಲೆಂಡಿನ ಡೆಂಟ್ ಕಣಿವೆಯ ಹೆಣಿಗೆಗಾರರಿಗಂತೂ ‘ಭಯಂಕರ’ರೆಂಬ ಬಿರುದೇ ಇತ್ತು, ಅಲ್ಲಿನ ಆಡುಮಾತಿನಲ್ಲಿ ಅದಕ್ಕೆ ಅಸಾಧಾರಣ ಚುರುಕಿನವರೆಂದು ಅರ್ಥ. ಚಳಿಗಾಲದ ರಾತ್ರಿ ಗಂಡಸರು ಹೆಂಗಸರು ಮಕ್ಕಳೆಲ್ಲ ಒಂದೇ ಮನೆಯ ಬೆಂಕಿಯ ಸುತ್ತ ಸೇರಿ, ಹಾಡುತ್ತ, ಕಥೆ ಹೇಳುತ್ತ ಹೆಣೆಯುತ್ತಿದ್ದರು. ಬೆನ್ನಿಗೆ ಹೊರೆ, ಬಾಯಿಗೆ ಹಾಡು, ಕೈಗೆ ಕಾಲುಚೀಲ. ಏಕಕಾಲಕ್ಕೆ ಇಷ್ಟಿದ್ದರೂ ಇವರನ್ನು ಆರಂಭಶೂರರೆಂದು ಹೇಳಬರುವುದಿಲ್ಲ. ಏತಕ್ಕೆಂದರೆ, ಹೆಣೆದುದು ಜೊತೆಯಾಗಿ ವರ್ತಕನ ಕೈ ಸೇರದೆ ಅವರ ಮನೆಯಲ್ಲಿ ಚಹಾ ಕಾಯುತ್ತಿರಲಿಲ್ಲ. ಬಡತನವು ಮುಗಿಸುವುದನ್ನು ಕಲಿಸುತ್ತದೆಯೆಂದು ಬಡತನವನ್ನು ಹೊಗಳುವುದು ಮಾತ್ರ ಸಲ್ಲದು. ಹೊಟ್ಟೆ ತುಂಬಿದವನು ಆಡುವ ಮಾತು ಅದು.

ಒಂಟಿ ಕಾಲುಚೀಲದ ಬೆಲೆ ಎಷ್ಟೆಂಬುದು ಲೋಕಕ್ಕೆ ಚೆನ್ನಾಗಿ ತಿಳಿದದ್ದು ೧೯೧೪ರಲ್ಲಿ ಆರಂಭವಾದ ಮಹಾಯುದ್ಧದ ಕಾಲದಲ್ಲಿ. ಫ್ರಾನ್ಸ್, ಬೆಲ್ಜಿಯಂಗಳ ಕಂದಕಗಳಲ್ಲಿ ಸೈನಿಕರು ತಣ್ಣನೆಯ ಕೆಸರು ನೀರಿನಲ್ಲಿ ದಿನಗಟ್ಟಲೆ ನಿಲ್ಲಬೇಕಾಯಿತು. ನೆನೆದ ಪಾದಗಳು ಊದಿ, ಸ್ಪರ್ಶ ತಪ್ಪಿ, ಕೆಲವರದು ಕೊಳೆತು ಕಡಿಯಬೇಕಾಗುತ್ತಿತ್ತು. ಇದನ್ನು ಕಂದಕಪಾದವೆಂದು ಕರೆದರು. ಮದ್ದುಗುಂಡಿನ ಏಟಿಲ್ಲದೆಯೇ ಸಾವಿರಾರು ಮಂದಿ ಇದರಿಂದ ನಿರುಪಯುಕ್ತರಾದರು. ಪಾದವನ್ನು ಒರಸಿ, ತಿಮಿಂಗಿಲದ ಎಣ್ಣೆಯನ್ನು ತಿಕ್ಕಿ, ಒಣಗಿದ ಕಾಲುಚೀಲವನ್ನು ಬದಲಿಸುವುದೇ ಮುಖ್ಯವಾದ ರಕ್ಷೆಯಾಗಿತ್ತು. ಬ್ರಿಟನ್ನಿನಲ್ಲಿಯೂ ಬಳಿಕ ಅಮೆರಿಕದಲ್ಲಿಯೂ ಮನೆಮನೆಯ ಹೆಂಗಸರು, ಶಾಲೆಯ ಮಕ್ಕಳು ಕಡ್ಡಿ ಹಿಡಿದು ಕುಳಿತರು. ಬೆರಳ ತುದಿಯಲ್ಲಿ ದಪ್ಪನೆಯ ಹೊಲಿಗೆ ಬಂದರೆ ಅದೇ ಉಜ್ಜಿ ಹುಣ್ಣಾಗುವುದರಿಂದ, ಎರಡು ಸಾಲಿನ ಕುಣಿಕೆಗಳನ್ನು ಎದುರುಬದುರಾಗಿ ಇಟ್ಟು, ಗಂಟು ತೋರದಂತೆ ಸೂಜಿಯಿಂದ ಬೆಸೆಯುವ ಕ್ರಮವೊಂದುಂಟು. ಅದಕ್ಕೆ ಆಗಿನ ಬ್ರಿಟಿಷ್ ಯುದ್ಧಮಂತ್ರಿ ಲಾರ್ಡ್ ಕಿಚನರನ ಹೆಸರೇ ಇಂದಿಗೂ ಉಳಿದಿದೆ. ೧೯೦೨ರಿಂದ ೧೯೦೯ರವರೆಗೆ ಭಾರತದ ಸೇನಾಧಿಪತಿಯಾಗಿದ್ದವನೂ ಅವನೇ. ಅವನು ೧೯೧೬ರಲ್ಲಿ ಹಡಗು ಮುಳುಗಿ ಸತ್ತನು. ಯುದ್ಧವನ್ನು ಹೊಗಳುವುದಕ್ಕಾಗಿ ಇದನ್ನು ಹೇಳಿದುದಲ್ಲ. ದೂರದ ಹಳ್ಳಿಯಲ್ಲಿ ಕುಳಿತವಳೊಬ್ಬಳು ಒಂದನ್ನು ಮುಗಿಸಿ ಇನ್ನೊಂದನ್ನು ನಾಳೆಗೆ ಬಿಟ್ಟರೆ, ಅವಳು ಅರ್ಧ ಉಪಕಾರ ಮಾಡಿದಂತಾಗಲಿಲ್ಲ. ಒಂದು ಜೊತೆಯಷ್ಟೂ ಕಂದಕವನ್ನು ಮುಟ್ಟಲಿಲ್ಲ. ಕೆಲವು ಕೆಲಸಗಳಲ್ಲಿ ಅರ್ಧವೆಂಬುದು ಶೂನ್ಯಕ್ಕೆ ಸಮ.

ಈಗ ಯಂತ್ರವು ಅಗ್ಗದ ಕಾಲುಚೀಲಗಳನ್ನು ಸುರಿಯುತ್ತಿದೆ. ಆದುದರಿಂದ ಕೈಹೆಣಿಗೆಯು ಬಹುಮಟ್ಟಿಗೆ ಬಿಡುವಿನ ಕೆಲಸವಾಗಿದೆ. ಹೊಟ್ಟೆಯ ಅಂಕುಶವಿಲ್ಲದಲ್ಲಿ ಆಸೆಗೆ ಎಡೆ ಹೆಚ್ಚು. ಹೆಣಿಗೆಗಾರ್ತಿಯರ ಮನೆಗಳಲ್ಲಿ ಅರ್ಧ ಹೆಣೆದವು ಮಾತ್ರವಲ್ಲ, ಇನ್ನೂ ಮುಟ್ಟದ ನೂಲಿನ ಲಡಿಗಳೂ ಪೆಟ್ಟಿಗೆಗಟ್ಟಲೆ ಶೇಖರವಾಗಿರುವುದುಂಟು. ಕೊಂಡಾಗ ಪ್ರತಿಯೊಂದಕ್ಕೂ ಒಂದು ಸಂಕಲ್ಪವಿತ್ತು. ಇಲ್ಲಿ ಆಯ್ದಕ್ಕಿ ಮಾರಯ್ಯನವರ ಕಥೆ ನೆನಪಿಗೆ ಬಾರದಿರದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದರು. ಲಕ್ಕಮ್ಮನವರು ಅದನ್ನು ಕಂಡು, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ಅಪರಿಗ್ರಹಕ್ಕೆ ಉದಾಹರಣೆಯಾಗಿ ಹೇಳುವುದು ರೂಢಿ, ಅದು ಸರಿಯೂ ಹೌದು. ಆದರೆ ಅದರಲ್ಲಿ ಇನ್ನೊಂದು ಮುಖವಿದೆ. ಅಕ್ಕಿಯೇನು ನಾಳೆಗೆ ಕೆಡುವ ವಸ್ತುವಲ್ಲ; ಇಟ್ಟುಕೊಂಡಿದ್ದರೆ ನಾಳೆ ಬೇಯುತ್ತಿತ್ತು. ಆದರೂ ಆ ತಾಯಿಯು ನಾಳೆಯ ಕಾಯಕವನ್ನು ಇಂದಿನ ಮಡಕೆಯ ಪಕ್ಕದಲ್ಲಿ ಕೂರಿಸಲಿಲ್ಲ. ಹೆಚ್ಚಾದ ಅಕ್ಕಿಯು ಮನೆಯೊಳಗೆ ಬಂದರೆ ಅದರೊಡನೆ ಅದರ ಯೋಚನೆಯೂ ಬರುತ್ತದೆ; ಇಂದಿನ ದಾಸೋಹಕ್ಕೆ ಕುಳಿತ ಮನಸ್ಸಿನಲ್ಲಿ ಒಂದು ಭಾಗವು ಅದರ ಕಾವಲಿಗೆ ಹೋಗುತ್ತದೆ. ಮುಟ್ಟದ ನೂಲು ಮಾಡುವ ಕೇಡೂ ಇದೇ. ಅದು ಪೆಟ್ಟಿಗೆಯಲ್ಲಿದ್ದುಕೊಂಡೇ ಕೈಯಲ್ಲಿರುವ ಹೆಣಿಗೆಯನ್ನು ಹಳತು ಮಾಡುತ್ತದೆ.

ಎರಡನೆಯ ಕಾಲುಚೀಲದ ರೋಗಕ್ಕೆ ಹೆಣಿಗೆಗಾರ್ತಿಯರೇ ಕಂಡುಕೊಂಡ ಮದ್ದೂ ಇದೆ. ಬಾಗುವ ಉದ್ದನೆಯ ಕಡ್ಡಿಯ ಮೇಲೆ, ಎರಡು ನೂಲುಂಡೆ ಹಿಡಿದು, ಎರಡೂ ಕಾಲುಚೀಲಗಳನ್ನು ಅಕ್ಕಪಕ್ಕದಲ್ಲಿ ಸುತ್ತು ಸುತ್ತಾಗಿ ಒಟ್ಟಿಗೇ ಹೆಣೆಯುತ್ತಾರೆ. ಮುಗಿದರೆ ಎರಡೂ ಮುಗಿಯುತ್ತವೆ. ಇದಕ್ಕಿಂತಲೂ ಅದ್ಭುತವಾದುದೊಂದನ್ನು ರಷ್ಯದ ಟಾಲ್‌ಸ್ಟಾಯ್ ತನ್ನ ‘ಯುದ್ಧ ಮತ್ತು ಶಾಂತಿ’ ಎಂಬ ಬೃಹತ್ಕಥೆಯ ಕೊನೆಯ ಭಾಗದಲ್ಲಿ ಚಿತ್ರಿಸಿದ್ದಾನೆ. ಮನೆಯ ವೃದ್ಧ ದಾದಿಯೊಬ್ಬಳು ತನಗೆ ಮಾತ್ರ ತಿಳಿದ ರಹಸ್ಯದಿಂದ ಎರಡು ಕಾಲುಚೀಲಗಳನ್ನು ಒಂದೇ ಕಡ್ಡಿಗಳ ಮೇಲೆ ಒಂದರೊಳಗೊಂದಾಗಿ ಹೆಣೆದು, ಮುಗಿದ ದಿನ ಮಕ್ಕಳನ್ನು ಕೂರಿಸಿಕೊಂಡು ಒಂದರೊಳಗಿಂದ ಇನ್ನೊಂದನ್ನು ಎಳೆದು ತೋರಿಸುತ್ತಾಳೆ. ಮಕ್ಕಳು ಸಂತೋಷದಿಂದ ಕೂಗುತ್ತಾರೆ. ಇದು ಕವಿಕಲ್ಪನೆಯಲ್ಲ, ಎರಡು ನೂಲುಗಳನ್ನು ಎಲ್ಲಿಯೂ ಅದಲುಬದಲು ಮಾಡದೆ ಒಂದೊಂದು ಕುಣಿಕೆಗೆ ಒಂದೊಂದನ್ನು ಹಿಡಿದು ಸಾಧಿಸಬಹುದಾದ ಕ್ರಮ. ಒಂದೇ ಒಂದು ಕುಣಿಕೆಯಲ್ಲಿ ನೂಲು ತಪ್ಪಿದರೂ ಎರಡೂ ಒಂದಕ್ಕೊಂದು ಹೊಲಿದುಕೊಂಡು ಬಿಡುತ್ತವೆ. ಆ ದಾದಿಯ ಕೈಯಲ್ಲಿ ಕೆಲಸಗಳು ಎರಡು, ಎಚ್ಚರ ಒಂದು.

ಮುಗಿಸಲಾಗದುದನ್ನು ಏನು ಮಾಡುವುದು? ಹೆಣಿಗೆಯಲ್ಲಿ ಇದಕ್ಕೆ ಉತ್ತರವಿದೆ, ಮಗ್ಗದಲ್ಲಿ ಇಲ್ಲ. ಬಿಚ್ಚಬಹುದು. ಕೊನೆಯ ಕುಣಿಕೆಯನ್ನು ಬಿಡಿಸಿ ನೂಲನ್ನು ಎಳೆದರೆ ತಿಂಗಳುಗಳ ದುಡಿಮೆಯು ಒಂದು ಸಂಜೆಯಲ್ಲಿ ನೂಲಾಗಿ ಹಿಂದಿರುಗುತ್ತದೆ. ಬಿಚ್ಚಿದ ನೂಲು ಗುಂಗುರುಗುಂಗುರಾಗಿ ಸುರುಳಿಗೊಂಡಿರುತ್ತದೆ. ಅದನ್ನು ಲಡಿ ಮಾಡಿ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ನೆನೆಯಿಸಿ, ತೂಗುಹಾಕಿ ಒಣಗಿಸಿದರೆ ಬಹುಮಟ್ಟಿಗೆ ನೇರವಾಗುತ್ತದೆ. ಬಿಚ್ಚುವುದು ಸೋಲೆಂದು ಎಷ್ಟೋ ಮಂದಿ ಹೆದರುತ್ತಾರೆ. ಆಗದ ಸಂಕಲ್ಪವನ್ನು ಆಗುತ್ತದೆಂದು ಬುಟ್ಟಿಯಲ್ಲಿ ಇಟ್ಟುಕೊಂಡಿರುವುದಕ್ಕಿಂತ, ದೇವರ ಮುಂದೆ ಅದನ್ನು ಬಿಚ್ಚಿ ನೂಲಾಗಿಸುವುದರಲ್ಲಿ ಸತ್ಯವಿದೆ. ವ್ರತಕ್ಕೆ ಉದ್ಯಾಪನೆಯ ವಿಧಿಯನ್ನು ಹಿರಿಯರು ಇಟ್ಟಿರುವುದು ಸುಮ್ಮನೆ ಅಲ್ಲ.

ಮೇಲೆ ಹೇಳಿದ ಗೃಹಿಣಿಯು ಮರುವರ್ಷದ ಮೊದಲ ಚಳಿಯ ಸಂಜೆ ಬುಟ್ಟಿಯನ್ನು ನೆಲದ ಮೇಲೆ ಬೋರಲು ಹಾಕಿದಳೆಂದು ಇಟ್ಟುಕೊಳ್ಳಬಹುದು. ಕೂಸಿನ ಕೆಂಪು ಸ್ವೆಟರು ಈಗ ಅದಕ್ಕೆ ಚಿಕ್ಕದು. ನೆರೆಮನೆಯಲ್ಲಿ ಹೊಸ ಕೂಸು ಹುಟ್ಟಿತ್ತು, ಕೊರಳಿನ ಕೆಲಸವನ್ನು ಎರಡು ರಾತ್ರಿಗಳಲ್ಲಿ ಮುಗಿಸಿ ಅಲ್ಲಿಗೆ ಕೊಟ್ಟಳು. ಪಟ್ಟೆಯ ಕಾಲುಚೀಲವನ್ನು ಬಿಚ್ಚಿದಳು, ಬಿಚ್ಚುವಾಗ ನೋವಾಗಲಿಲ್ಲ. ನೀಲಿಯದನ್ನು ಬಿಚ್ಚುವಾಗ ಮಾತ್ರ ಕೈ ತಡೆಯಿತು, ಬೆನ್ನೂ ಎದೆಯೂ ಅಷ್ಟು ಚೆನ್ನಾಗಿ ಬಂದಿದ್ದವು. ಮಗನು ಎದುರಿಗೆ ಕುಳಿತು ಎರಡೂ ಕೈಗಳನ್ನು ಚಾಚಿದನು. ಅವಳು ಎಳೆದ ನೂಲನ್ನು ಅವನ ಕೈಗಳ ಸುತ್ತ ಲಡಿಯಾಗಿ ಸುತ್ತುತ್ತ ಹೋದಳು. ಅವನ ಕೈಗಳು ಕಳೆದ ವರ್ಷಕ್ಕಿಂತ ಎಷ್ಟು ದೊಡ್ಡವಾಗಿವೆಯೆಂಬುದನ್ನು ಆಗ ಗಮನಿಸಿದಳು.

ಕೊನೆಗೆ ಉಳಿದುದು ಬೂದುಬಣ್ಣದ ನೂಲುಂಡೆ. ಕಡ್ಡಿಗೆ ೬೪ ಕುಣಿಕೆಗಳನ್ನು ಏರಿಸಿದಳು. ಆದರೆ ಮೇಲಂಚನ್ನು ಎಷ್ಟು ಸುತ್ತು ಹೆಣೆದಿದ್ದಳೆಂಬುದು ನೆನಪಿರಲಿಲ್ಲ. ಎದ್ದು ಮಾವನವರ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತಳು.

“ಮಾವ, ಅಳತೆಗೆ ಮೊದಲನೆಯದು ಬೇಕಾಗಿತ್ತು.”

ಅವರು ಏನೂ ಕೇಳದೆ ತಲೆದಿಂಬಿನ ಕೆಳಗೆ ಕೈಹಾಕಿದರು. ಅವಳು ಅಲ್ಲಿಯೇ ದೀಪದ ಹತ್ತಿರ ಕುಳಿತು, ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಸುತ್ತನ್ನು ಮುಟ್ಟುತ್ತ ಎಣಿಸತೊಡಗಿದಳು.